ಊರಿನ ಗ್ರಂಥಾಲಯ ನೋಡ್ಕೊಳ್ಳೋರು ಪದೇ ಪದೇ ಕೇಳೋ ಪ್ರಶ್ನೆಗಳು

ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಬೋರ್ಡ್ ಮೇಲೆ ಅರಿವು ಕೇಂದ್ರ ಅಂತಿರುತ್ತೆ, ಅದನ್ನ ನೋಡ್ಕೊಳ್ತಿರೋ ಮೇಲ್ವಿಚಾರಕರು ಫೋನ್ ಮಾಡಿ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಹಾಗಾಗಿ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ. ನಾನೂ ಇದೇ ಕೆಲಸ ಮಾಡೋಳು. ಟೌನ್ ಕಡೆ ಶಾಖಾ ಗ್ರಂಥಾಲಯದಲ್ಲಿರೋರಿಗೂ, ಸ್ವಂತವಾಗಿ ಊರಲ್ಲಿ ಲೈಬ್ರರಿ ನಡೆಸ್ತಿರೋರಿಗೂ ಸುಮಾರು ವಿಷಯ ಹೊಂದುತ್ತೆ.

ಹೊಸದಾಗಿ ಚಾರ್ಜ್ ತಗೊಳ್ತಿದೀನಿ, ಮೊದಲು ಏನ್ ಮಾಡ್ಬೇಕು?

ಬೀಗದಕೈ ಇಸ್ಕೊಳ್ಳೋಕೆ ಮುಂಚೆ ಪುಸ್ತಕ ಎಣಿಸಿ. ಅಕ್ಸೆಷನ್ ರಿಜಿಸ್ಟರ್ (ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡೋ ದಾಖಲೆ) ಹಿಡ್ಕೊಂಡು ಒಬ್ರು ನಂಬರ್ ಓದ್ತಾ ಹೋಗ್ಲಿ, ಇನ್ನೊಬ್ರು ರ್ಯಾಕಲ್ಲಿ ಪುಸ್ತಕ ನೋಡಿ ಪೆನ್ಸಿಲಲ್ಲಿ ಟಿಕ್ ಹಾಕ್ತಾ ಹೋಗ್ಲಿ, ಎರಡು ಮೂರು ದಿನ ಹಿಡೀಬಹುದು, ಹಿಡೀಲಿ ಬಿಡಿ. ರ್ಯಾಕಲ್ಲೂ ಇಲ್ಲ, ಇಶ್ಯೂ ರಿಜಿಸ್ಟರಲ್ಲಿ ಯಾರ ಹೆಸರಲ್ಲೂ ಇಲ್ಲ ಅನ್ನೋ ಪುಸ್ತಕಗಳದ್ದು ಬೇರೆ ಪಟ್ಟಿ ಮಾಡಿ, ಹಿಂದಿನೋರ ಸಹಿ, ನಿಮ್ಮ ಸಹಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಮೂರೂ ಹಾಕಿಸ್ಕೊಳ್ಳಿ. ಹಿಂದಿನೋರ ಮೇಲೆ ಅನುಮಾನ ಅಂತಲ್ಲ, ನಾಳೆ ಆಡಿಟ್‌ನೋರು ಕೇಳಿದಾಗ ಇಬ್ರಿಗೂ ಕ್ಷೇಮ ಅಂತ.

ಅಕ್ಸೆಷನ್ ರಿಜಿಸ್ಟರಲ್ಲಿ ಏನೇನ್ ಬರೀಬೇಕು?

ಕ್ರಮ ಸಂಖ್ಯೆ, ಬಂದ ದಿನಾಂಕ, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಬಿಲ್ ನಂಬರ್ ಅಥವಾ ದಾನ ಕೊಟ್ಟೋರ ಹೆಸರು, ಕೊನೇಲಿ ಷರಾ. ಒಂದು ನಂಬರ್ ಒಂದೇ ಪುಸ್ತಕಕ್ಕೆ, ಆ ಪುಸ್ತಕ ಹರಿದು ಹೋದ್ರೂ ಅದೇ ನಂಬರ್ ಇನ್ನೊಂದಕ್ಕೆ ಕೊಡೋ ಹಾಗಿಲ್ಲ. ವೈಟ್ನರ್ ಹಚ್ಚಬೇಡಿ, ತಪ್ಪಾದ್ರೆ ಕೆಂಪು ಇಂಕಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಿ.

ಪುಸ್ತಕ ಮನೆಗೆ ಕೊಟ್ರೆ ವಾಪಸ್ ಬರಲ್ಲ, ಕಳೆದ್ರೆ ನನ್ನ ಕೈಯಿಂದ ಕಟ್ಟಬೇಕಾಗುತ್ತಲ್ಲ?

ಅತಿ ಹೆಚ್ಚು ಕೇಳೋ ಪ್ರಶ್ನೆ ಇದು. ಈ ಒಂದು ಭಯದಿಂದಾನೇ ಎಷ್ಟೋ ಊರಲ್ಲಿ ಬೀರುಗಳಿಗೆ ಬೀಗ ಬಿದ್ದಿರುತ್ತೆ, ಒಳಗೆ ಒಳ್ಳೊಳ್ಳೆ ಪುಸ್ತಕ, ಹೊರಗೆ ಟೇಬಲ್ ಮೇಲೆ ಪೇಪರ್ ಮಾತ್ರ. ಗಾಜಿನ ಆ ಕಡೆಯಿಂದ ಮಕ್ಕಳು ಬೆರಳಿಟ್ಟು ಚಿತ್ರ ನೋಡ್ತಾ ನಿಲ್ಲೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮೊದಲು ಒಂದು ನಿಯಮ ತಿಳ್ಕೊಳ್ಳಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಬಗ್ಗೆ ಸ್ಪಷ್ಟವಾಗಿ ಬರೆದಿದೆ, ವರ್ಷದಲ್ಲಿ ಇಶ್ಯೂ ಆದ ಅಥವಾ ಅಲ್ಲೇ ಕೂತು ನೋಡಿದ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದ್ರೆ ಅದು ಸಹಜ ನಷ್ಟ, ಮೋಸ ಅಥವಾ ಬೇಜವಾಬ್ದಾರಿ ಇಲ್ಲ ಅಂದ್ರೆ ಸಾಕು. 20,000ಕ್ಕಿಂತ ಕಮ್ಮಿ ಪುಸ್ತಕ ಇರೋ ಕಡೆ ವರ್ಷಕ್ಕೊಂದ್ಸಲ ಪೂರ್ತಿ ಎಣಿಕೆ ಮಾಡ್ಬೇಕು ಅಂತಾನೂ ಅಲ್ಲೇ ಇದೆ. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ್ದು, ನಮ್ಮ ಪಂಚಾಯಿತಿಗೆ ನೇರವಾಗಿ ಅನ್ವಯ ಆಗಲ್ಲ, ಆದ್ರೂ ಪಿಡಿಒ ಮುಂದೆ, ಆಡಿಟ್ ಮುಂದೆ ಕೂತು ಮಾತಾಡೋಕೆ ಒಂದು ಆಧಾರ ಸಿಕ್ಕಂಗಾಯ್ತು. ಗಮನಿಸಿ, ಲೆಕ್ಕ ಇರೋದು ಬಳಕೆಯಾದ ಪುಸ್ತಕದ ಮೇಲೆ. ಜಾಸ್ತಿ ಪುಸ್ತಕ ಜನರ ಕೈಗೆ ಹೋದಷ್ಟೂ ನಿಮಗೆ ರಕ್ಷಣೆ ಜಾಸ್ತಿ, ಬೀಗ ಹಾಕಿಟ್ಟು ಹತ್ತು ಪುಸ್ತಕ ಗೆದ್ದಲಿಗೆ ಕೊಟ್ರೆ ಅದಕ್ಕೆ ಉತ್ತರ ಹೇಳೋದು ಕಷ್ಟ.

ಎರಡನೇದು, ವಾಪಸ್ ತರಿಸೋ ದಾರಿ. ದಂಡ ಹಾಕೋದ್ರಿಂದ ಪುಸ್ತಕ ಬರಲ್ಲ, ಓದುಗರು ಬರೋದು ನಿಲ್ಲುತ್ತೆ ಅಷ್ಟೇ. ಎರಡು ರೂಪಾಯಿ ಮೂರು ರೂಪಾಯಿ ದಂಡ ಸೇರಿ ಐವತ್ತಾದ್ರೆ ಆ ಹುಡುಗ ಗ್ರಂಥಾಲಯದ ರಸ್ತೇಲೇ ಓಡಾಡಲ್ಲ. ಶಾಲೆಗೆ ಹೋಗಿ ಮೇಷ್ಟ್ರ ಹತ್ರ ಹೇಳಿ, ಮನೆ ಮುಂದೆ ಹೋಗಿ ಅಮ್ಮನ ಹತ್ರ ಕೇಳಿ, ವರ್ಷಕ್ಕೊಂದ್ಸಲ "ಯಾವ ಪುಸ್ತಕ ಆದ್ರೂ ತಂದಿಟ್ಟು ಹೋಗಿ, ಏನೂ ಕೇಳಲ್ಲ" ಅಂತ ಒಂದು ವಾರ ಬೋರ್ಡ್ ಹಾಕಿ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ ಇದಕ್ಕೆ ಸರಿಯಾದ ಸಮಯ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೇದೇ ಪುಸ್ತಕ ಇರೋದು ಬಳಕೆಗೆ ಅಂತ. 1962ರಲ್ಲಿ ಬೆಂಗಳೂರಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಶುರು ಮಾಡಿದೋರು ಅವರೇ, 1972ರಲ್ಲಿ ತೀರ್ಕೊಂಡಿದ್ದೂ ಬೆಂಗಳೂರಲ್ಲೇ. ಪ್ರತಿ ವರ್ಷ ಆಗಸ್ಟ್ 12ಕ್ಕೆ ನಾವು ಅವರ ಫೋಟೋಗೆ ಹಾರ ಹಾಕ್ತೀವಿ. ಹಾರ ಹಾಕೋ ದಿನ ಬೀರೂನೂ ತೆಗೆದಿರ್ಲಿ.

ಪುಸ್ತಕ ಹೇಗೆ ಜೋಡಿಸೋದು, ಡ್ಯೂಯಿ ನಂಬರ್ ಹಾಕಲೇಬೇಕಾ?

ಡ್ಯೂಯಿ ಅಂದ್ರೆ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸೋ ಪದ್ಧತಿ, ಅದರಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ 894.814 ಅನ್ನೋ ಒಂದು ಮೂಲೆ ಸಿಕ್ಕಿದೆ. ನಮ್ಮ ಹತ್ರ ಇರೋದ್ರಲ್ಲಿ ಬಹುಪಾಲು ಕನ್ನಡ ಸಾಹಿತ್ಯಾನೇ, ಎಲ್ಲದಕ್ಕೂ ಅದೇ ನಂಬರ್ ಅಂಟಿಸಿದ್ರೆ ಹುಡುಕೋರಿಗೆ ಏನು ಉಪಯೋಗ. ಎರಡು ಮೂರು ಸಾವಿರ ಪುಸ್ತಕದವರೆಗೂ ವಿಷಯವಾರು ಬಣ್ಣದ ಪಟ್ಟಿ ಸಾಕು: ಕಾದಂಬರಿ, ಕಥೆ, ಕವನ, ನಾಟಕ, ಜೀವನಚರಿತ್ರೆ, ಕೃಷಿ, ಆರೋಗ್ಯ, ಕಾನೂನು, ಸ್ಪರ್ಧಾತ್ಮಕ ಪರೀಕ್ಷೆ, ಮಕ್ಕಳದ್ದು. ಒಳಗಡೆ ಲೇಖಕರ ಹೆಸರಿನ ಅಕ್ಷರ ಕ್ರಮ. ಮಕ್ಕಳ ಪುಸ್ತಕ ಕೆಳಗಿನ ತಟ್ಟೇಲಿ ಮುಖಪುಟ ಕಾಣೋ ಹಾಗೆ ಇಡಿ, ಬೆನ್ನು ಕಾಣೋ ಹಾಗಿಟ್ರೆ ಮೂರನೇ ಕ್ಲಾಸಿನ ಮಗು ಕೈ ಹಾಕಲ್ಲ. ಮುಂದೆ ಸಂಗ್ರಹ ಬೆಳೆದಾಗ ಡ್ಯೂಯಿ ನೋಡ್ಕೊಳ್ಳೋಣ.

ದಾನ ಅಂತ ಮೂಟೆಗಟ್ಟಲೆ ಹಳೆ ಗೈಡ್ ತಂದು ಹಾಕ್ತಾರೆ, ಬೇಡ ಅಂದ್ರೆ ಬೇಜಾರ್ ಮಾಡ್ಕೊಳ್ತಾರೆ, ಏನ್ ಮಾಡ್ಲಿ?

ಜನರಿಂದ ಪುಸ್ತಕ ದಾನ ತಗೊಳ್ಳೋ ಪುಸ್ತಕ ಜೋಳಿಗೆ ಕಾರ್ಯಕ್ರಮದಿಂದ ತುಂಬಾ ಒಳ್ಳೆ ಪುಸ್ತಕಗಳೂ ಬಂದಿವೆ, ಹಾಗಾಗಿ ದಾನಾನೇ ಬೇಡ ಅನ್ಬೇಡಿ. ಆದ್ರೆ ತಗೊಳ್ಳುವಾಗಲೇ ಮರ್ಯಾದೆಯಿಂದ ಹೇಳ್ಬಿಡಿ, "ಅಣ್ಣ, ನಮ್ಮ ಓದುಗರಿಗೆ ಹೊಂದೋದು ಇಟ್ಕೊಳ್ತೀನಿ, ಮಿಕ್ಕಿದ್ದು ಬೇರೆ ಕಡೆ ಕಳಿಸ್ತೀನಿ, ಪರ್ವಾಗಿಲ್ವಾ" ಅಂತ. ಸಿಲಬಸ್ ಬದಲಾದ ಗೈಡು, ಬೂಸ್ಟು ಹಿಡಿದದ್ದು, ಪುಟ ಕಿತ್ತೋದದ್ದು ಬೇಡವೇ ಬೇಡ. ಬೂಸ್ಟು ಹಿಡಿದ ಒಂದೇ ಪುಸ್ತಕ ಇಡೀ ರ್ಯಾಕಿಗೆ ಹರಡುತ್ತೆ. ಕೇಳೋ ಹಕ್ಕೂ ನಿಮಗಿದೆ, ಊರಿಂದ ಹೋಗಿ ಬೆಂಗಳೂರಲ್ಲಿ, ದುಬೈಲಿ, ಅಮೆರಿಕದಲ್ಲಿ ಇರೋರು "ಏನಾದ್ರೂ ಕೊಡ್ತೀವಿ" ಅಂದ್ರೆ ಬೇಕಾದ ಪುಸ್ತಕದ ಪಟ್ಟಿ ಕಳಿಸಿ.

ಹಳೆ ಪುಸ್ತಕ ತೆಗೆದುಹಾಕಬಹುದಾ?

ಹಾಕ್ಬಹುದು, ಆದ್ರೆ ನೀವೊಬ್ರೇ ತೀರ್ಮಾನ ಮಾಡ್ಬೇಡಿ. ಪಟ್ಟಿ ಮಾಡಿ, ಸಮಿತಿ ಮುಂದಿಟ್ಟು, ನಡಾವಳಿ ಬರೆಸಿ, ರಿಜಿಸ್ಟರಲ್ಲಿ ಆ ನಂಬರ್ ಮುಂದೆ ನಮೂದಿಸಿ ಆಮೇಲೆ ತೆಗೀರಿ. ಊರಿನ ಇತಿಹಾಸ, ಜಾತ್ರೆ ಸ್ಮರಣ ಸಂಚಿಕೆ, ಶಾಲೆ ಸುವರ್ಣ ಮಹೋತ್ಸವದ ಪುಸ್ತಕ ಇಂಥವು ಎಷ್ಟೇ ಹರಿದಿದ್ರೂ ಬಿಸಾಕಬೇಡಿ, ಬೇರೆ ಎಲ್ಲೂ ಸಿಗಲ್ಲ.

ಗೆದ್ದಲು, ಮಳೆ ನೀರು?

ರ್ಯಾಕನ್ನ ಗೋಡೆಗೆ ತಾಗಿಸ್ಬೇಡಿ, ಕೈ ಆಡೋಷ್ಟು ಜಾಗ ಬಿಡಿ, ಗೋಡೆ ಮೇಲೆ ಮಣ್ಣಿನ ಗೆರೆ ಕಂಡ ದಿನಾನೇ ಪಂಚಾಯಿತಿಗೆ ಲಿಖಿತವಾಗಿ ಕೊಡಿ. ಕೆಳಗಿನ ತಟ್ಟೆ ನೆಲದಿಂದ ಒಂದು ಗೇಣಾದ್ರೂ ಮೇಲಿರ್ಲಿ. ಮಲೆನಾಡು, ಕರಾವಳಿ ಕಡೆಯೋರು ಮಳೆಗಾಲದಲ್ಲಿ ಬಿಸಿಲು ಬಂದ ದಿನ ಕಿಟಕಿ ಬಾಗಿಲು ಬೀರು ಎಲ್ಲಾ ತೆಗೆದಿಡಿ. ನೆನೆದ ಪುಸ್ತಕ ಬಿಸಿಲಿಗೆ ಹಾಕಿದ್ರೆ ಹಪ್ಪಳ ಥರ ಸೊಟ್ಟಗಾಗುತ್ತೆ, ಫ್ಯಾನ್ ಕೆಳಗೆ ನಿಲ್ಲಿಸಿ ಪುಟಗಳ ಮಧ್ಯೆ ಬಿಳಿ ಹಾಳೆ ಇಟ್ಟು ಒಣಗಿಸಿ. ನುಸಿ ಗುಳಿಗೆ ಮಕ್ಕಳು ಕೂರೋ ಕಡೆ ಬೇಡ.

ಗ್ರಂಥಾಲಯಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ಕೇಳೋಕೆ ಹೋದ್ರೆ ಅನುದಾನ ಇಲ್ಲ ಅಂತಾರೆ.

ಇದು ಎಲ್ರಿಗೂ ಗೊತ್ತಿರ್ಬೇಕಾದ ವಿಷಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ವಸೂಲಾಗುತ್ತೆ, ಈಗ ಅದು ತೆರಿಗೆಯ ಶೇ. 6. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಅಂದ್ರೆ ಓದದೇ ಇರೋರೂ ಸೇರಿ ಊರಿನ ಎಲ್ಲಾ ಮನೆಯೋರು ಈಗಾಗಲೇ ದುಡ್ಡು ಕೊಟ್ಟಿದಾರೆ. ನಾವು ಪಂಚಾಯಿತಿ ಮುಂದೆ ಹೋದಾಗ ಭಿಕ್ಷೆ ಕೇಳೋರ ಥರ ನಿಲ್ಲೋದು ಬೇಡ, ಊರೋರು ಕಟ್ಟಿದ ದುಡ್ಡು ಎಷ್ಟು ವಸೂಲಾಯ್ತು, ಯಾವುದಕ್ಕೆ ಖರ್ಚಾಯ್ತು ಅಂತ ಕೇಳೋದು ಸರಿಯಾದ ಪ್ರಶ್ನೆ. ಮಾತಲ್ಲಿ ಉತ್ತರ ಸಿಗದಿದ್ರೆ ಮಾಹಿತಿ ಹಕ್ಕಿನಲ್ಲಿ ಊರಿನ ಯಾರು ಬೇಕಾದ್ರೂ ಅರ್ಜಿ ಹಾಕಬಹುದು.

ಮೊದಲು ಗ್ರಂಥಾಲಯ ಇಲಾಖೆ ಕೈಲಿದ್ದ ನಮ್ಮ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ್ವು, ರಾಜ್ಯದಲ್ಲಿ 5,600ಕ್ಕೂ ಮೇಲೆ. ಅಲ್ಲಿಂದ ಬಣ್ಣ, ಕಂಪ್ಯೂಟರ್, ಮಕ್ಕಳ ಪುಸ್ತಕ ಅಂತ ಸುಮಾರು ಕಡೆ ಕಣ್ಣಿಗೆ ಕಾಣೋ ಬದಲಾವಣೆ ಆಗಿದೆ. ಕಟ್ಟಡ, ರಿಪೇರಿ ಕೆಲಸ ಪಂಚಾಯಿತಿ ಕ್ರಿಯಾ ಯೋಜನೆಯಲ್ಲಿ ಸೇರಿಸೋಕೆ ಮುಂಚೇನೇ ಬೇಡಿಕೆ ಕೊಡಿ, ಯೋಜನೆ ಮುಗಿದ ಮೇಲೆ ಹೋದ್ರೆ ಇನ್ನೊಂದು ವರ್ಷ ಕಾಯ್ಬೇಕು.

ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಇನ್ನು ಗ್ರಂಥಾಲಯ ಯಾಕೆ ಅಂತ ಪಂಚಾಯಿತಿ ಸದಸ್ಯರು ಕೇಳ್ತಾರೆ.

ಒಂದು ಸಂಜೆ ಬಂದು ಕೂತ್ಕೊಳ್ಳಿ ಅಂತ ಕರೀರಿ. ಮನೇಲಿ ಒಂದೇ ಫೋನು, ಅದು ಅಪ್ಪನ ಜೇಬಲ್ಲಿ, ಮನೆ ಅಂದ್ರೆ ಒಂದೇ ಕೋಣೆ, ಅಲ್ಲೇ ಟಿವಿ ಅಲ್ಲೇ ಅಡುಗೆ, ಅಂಥ ಮಗು ಓದೋದೆಲ್ಲಿ? ಪಿಡಿಒ, ಎಫ್‌ಡಿಎ, ಎಸ್‌ಡಿಎ, ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋ ಮಕ್ಕಳು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ದುಡ್ಡು ಕೊಟ್ಟು ರೀಡಿಂಗ್ ರೂಮಲ್ಲಿ ಸೀಟ್ ಹಿಡೀತಾರೆ. ಹಾಗೆ ಹೋಗೋ ಶಕ್ತಿ ಇಲ್ದೋರಿಗೆ ಊರಲ್ಲಿರೋ ಟೇಬಲ್, ಕುರ್ಚಿ, ಟ್ಯೂಬ್‌ಲೈಟು ಇದೊಂದೇ. ಪಿಂಚಣಿ ಕಾಗದ ಹಿಡ್ಕೊಂಡು ಬಂದು "ಇದ್ರಲ್ಲಿ ಏನ್ ಬರ್ದವ್ರೆ ನೋಡವ್ವಾ" ಅನ್ನೋ ಅಜ್ಜಿಗೆ ಮೊಬೈಲ್ ಏನ್ ಮಾಡುತ್ತೆ.

ಜನಕ್ಕೆ ಪುಸ್ತಕ ಬೇಡ ಅನ್ನೋದೂ ಸುಳ್ಳು. 2021ರ ಏಪ್ರಿಲಲ್ಲಿ ಮೈಸೂರಿನ ರಾಜೀವನಗರದಲ್ಲಿ, ಕೂಲಿ ಮಾಡಿ ಬದುಕೋ ಒಬ್ಬರು ಸ್ವಂತ ಆಸೆಯಿಂದ ನಡೆಸ್ತಿದ್ದ ಗ್ರಂಥಾಲಯ ಬೆಂಕಿಗೆ ಸಿಕ್ಕಿ ಸಾವಿರಾರು ಪುಸ್ತಕ ಸುಟ್ಟೋದಾಗ, ಗುರುತು ಪರಿಚಯ ಇಲ್ದೋರೆಲ್ಲಾ ಎಲ್ಲೆಲ್ಲಿಂದ್ಲೋ ಪುಸ್ತಕ, ದುಡ್ಡು ಕೊಡೋಕೆ ಮುಂದೆ ಬಂದ್ರು.

ಗ್ರಂಥಾಲಯ ಉಪಯೋಗ ಆಗ್ತಿದೆ ಅಂತ ತೋರಿಸೋದು ಹೇಗೆ? ಹಾಜರಿ ಪುಸ್ತಕ ಇದ್ಯಲ್ಲ, ಸಾಲಲ್ವಾ?

ಸಾಲಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕೋರು ಪೇಪರ್ ಓದೋಕೆ ಬರೋ ಗಂಡಸರು. ಮಕ್ಕಳು ಓಡಿ ಬಂದು ಓಡಿ ಹೋಗ್ತಾರೆ, ಹೆಂಗಸರು ಬಾಗಿಲಲ್ಲೇ ನಿಂತು ಪುಸ್ತಕ ಬದಲಾಯಿಸ್ಕೊಂಡು ಹೋಗ್ತಾರೆ, ಅವರ್ಯಾರೂ ಆ ಪುಸ್ತಕದಲ್ಲಿ ಇರಲ್ಲ. ಬರೆದಿಡದೇ ಇದ್ರೆ ನಾವು ಮಾಡಿದ ಅರ್ಧ ಕೆಲಸ ಯಾರ ಕಣ್ಣಿಗೂ ಬೀಳಲ್ಲ, ನಾಳೆ ಯಾರೋ ಬಂದು "ದಿನಕ್ಕೆ ಎಂಟು ಜನ ಬರೋ ಗ್ರಂಥಾಲಯಕ್ಕೆ ಇಷ್ಟು ಖರ್ಚಾ" ಅಂದ್ರೆ ನಮ್ಮ ಕೈಲಿ ಉತ್ತರ ಇರಲ್ಲ.

ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿ, ಗಂಟೆಗೊಂದು ಸಾಲು, ಗಂಡಸರು ಹೆಂಗಸರು ಮಕ್ಕಳು ಅಂತ ಮೂರು ಕಾಲಂ, ಬಂದವರಿಗೆ ಒಂದೊಂದು ಗೀಟು. ಹೆಸರು ಬೇಡ. ಒಂದು ತಿಂಗಳು ಮಾಡಿ ನೋಡಿ, ಯಾವ ಹೊತ್ತಲ್ಲಿ ಯಾರು ಬರ್ತಾರೆ ಅನ್ನೋದು ನಿಮಗೇ ಗೊತ್ತಾಗುತ್ತೆ. ಜೊತೆಗೆ ಇಶ್ಯೂ ಆದ ಪುಸ್ತಕ, ಹೊಸ ಸದಸ್ಯರು, ಅರ್ಜಿ ತುಂಬಿಸ್ಕೊಟ್ಟಿದ್ದು, ಆನ್‌ಲೈನ್ ರಿಸಲ್ಟ್ ನೋಡ್ಕೊಟ್ಟಿದ್ದು ಇದನ್ನೂ ಬರೀರಿ. 2020ರ ನವೆಂಬರ್ 14ಕ್ಕೆ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಆಯ್ತು, ಸದಸ್ಯರಾದ ಮಕ್ಕಳು ಎಷ್ಟು ಅನ್ನೋ ಲೆಕ್ಕ ಎಲ್ರ ಹತ್ರಾನೂ ಇದೆ, ಅವರಲ್ಲಿ ಕಳೆದ ತಿಂಗಳು ಪುಸ್ತಕ ತಗೊಂಡೋರು ಎಷ್ಟು ಅನ್ನೋದು ಬರೆದಿಟ್ಟೋರು ಕಮ್ಮಿ. ನಿಜವಾದ ಅಂಕಿ ಅದು.

ನನ್ನ ಪ್ರಕಾರ ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು ನೋಟ್‌ಬುಕ್ಕು, ಜನ ಕೇಳಿ ನಮ್ಮಲ್ಲಿ ಸಿಗದೇ ಹೋಗಿದ್ದರದ್ದು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಬಂದು ಮೇಕೆ ಸಾಕೋ ಬಗ್ಗೆ ಪುಸ್ತಕ ಇದ್ಯಾ ಅಂತ ಕೇಳಿದ್ರು, ಇರ್ಲಿಲ್ಲ. ದಿನಾಂಕ ಹಾಕಿ "ಮೇಕೆ ಸಾಕಾಣಿಕೆ, ರೋಗ, ಸಾಲ" ಅಂತ ಬರ್ಕೊಂಡೆ. ಕೃಷಿ ವಿಜ್ಞಾನ ಕೇಂದ್ರದಿಂದ ತೆಳ್ಳಗಿನ ಒಂದು ಕೈಪಿಡಿ ತರಿಸಿ ಹೇಳಿ ಕಳಿಸಿದ್ವಿ. ಅವರಿಗೆ ಓದು ನಿಧಾನ, ಬೆರಳಿಟ್ಕೊಂಡು ಒಂದೊಂದು ಅಕ್ಷರ ಕೂಡಿಸ್ತಾ ಜಂತುಹುಳ ಔಷಧಿ ಪುಟ ಓದಿದ್ರು, ಎಲ್ಲಿ ತಡೀತೋ ಅಲ್ಲಿ ಏಳನೇ ಕ್ಲಾಸಿನ ಮಗಳು ಹೇಳ್ಕೊಟ್ಲು. ಆಮೇಲೆ ಆ ಕೈಪಿಡಿ ಅವರ ಸಂಘದ ಮನೆಮನೆ ಸುತ್ತಿ ಹಾಲಿನ ಕಲೆ, ಅರಿಶಿನದ ಕಲೆ ಎಲ್ಲಾ ಮಾಡ್ಕೊಂಡು ವಾಪಸ್ ಬಂತು. ಪುಸ್ತಕ ಖರೀದಿ ಪಟ್ಟಿ ಕೇಳಿದಾಗ ಈ ನೋಟ್‌ಬುಕ್ ಮುಂದಿಡಿ, ಬೇಡ ಅನ್ನೋಕೆ ಯಾರಿಗೂ ಆಗಲ್ಲ.

ರೂಪಾಯಿ ಲೆಕ್ಕದಲ್ಲಿ ತೋರಿಸ್ಬಹುದಾ?

ತೋರಿಸ್ಬಹುದು, ಪಂಚಾಯಿತಿ ಸದಸ್ಯರಿಗೆ ಬೇಗ ತಲುಪೋ ಭಾಷೆ ಅದೇ. ಇದೇ ಸೇವೆ ಹೊರಗೆ ದುಡ್ಡು ಕೊಟ್ಟು ತಗೊಂಡಿದ್ರೆ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕೋದು. ಉದಾಹರಣೆಗೆ ಅಂತ ಇಟ್ಕೊಳ್ಳಿ, ತಿಂಗಳಿಗೆ 400 ಪುಸ್ತಕ ಇಶ್ಯೂ, ಬೆಲೆ ಸರಾಸರಿ 200 ರೂಪಾಯಿ. ಪೂರ್ತಿ ಬೆಲೆ ಹಿಡೀಬೇಡಿ, ಬಾಡಿಗೆ ಲೈಬ್ರರಿಯೋರು ತಗೊಳ್ಳೋ ಹಾಗೆ ಬೆಲೆಯ ಹತ್ತನೇ ಒಂದು ಭಾಗ ಹಿಡಿದ್ರೆ 8,000. ದಿನಕ್ಕೆ 50 ಜನ ಪೇಪರ್ ಓದೋರು, 25 ದಿನ, ಪೇಪರಿಗೆ 5 ರೂಪಾಯಿ ಅಂದ್ರೆ 6,250. ಪರೀಕ್ಷೆಗೆ ಓದೋರು 15 ಜನ, ರೀಡಿಂಗ್ ರೂಮಿಗೆ ತಿಂಗಳಿಗೆ 700 ಹಿಡಿದ್ರೆ 10,500. ಒಟ್ಟು 24,750. ನಿಮ್ಮೂರಿನ ನಿಜವಾದ ಅಂಕಿ, ನಿಮ್ಮ ಕಡೆ ನಡೀತಿರೋ ರೇಟ್ ಹಾಕಿ, ಪಕ್ಕದಲ್ಲಿ ತಿಂಗಳ ಖರ್ಚು ಬರೆದು ತೋರಿಸಿ. ಉಬ್ಬಿಸಿ ಬರೀಬೇಡಿ ದಯವಿಟ್ಟು, ಒಂದು ಸುಳ್ಳು ಅಂಕಿ ಸಿಕ್ಕಿಬಿದ್ರೆ ಮಿಕ್ಕಿದ್ದೆಲ್ಲಾ ನಂಬಲ್ಲ.

ಗ್ರಾಮಸಭೆಲಿ ಏನ್ ಮಾತಾಡ್ಲಿ, ಮೈಕ್ ಕೊಡೋದೇ ಎರಡು ನಿಮಿಷ.

ಎರಡು ನಿಮಿಷ ಧಾರಾಳ ಆಯ್ತು. ಒಂದು ಅಂಕಿ, ಒಬ್ಬ ಓದುಗರ ಮಾತು, ಒಂದೇ ಒಂದು ಬೇಡಿಕೆ. ಓದುಗರೇ ಬಂದು ಮಾತಾಡಿದ್ರೆ ಇನ್ನೂ ಒಳ್ಳೇದು, ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತು ತಾನು ಓದಿದ ಕಥೇದು ನಾಲ್ಕು ಸಾಲು ಜೋರಾಗಿ ಓದಿದ್ರೆ ಹಿಂದೆ ನಿಂತು ಮಾತಾಡ್ತಿರೋರೂ ಸುಮ್ಮನಾಗ್ತಾರೆ. ಬೇಡಿಕೆ ನಿಖರವಾಗಿರ್ಲಿ, "ಸೌಲಭ್ಯ ಒದಗಿಸಿ" ಅಂತಲ್ಲ, "ಎರಡು ಫ್ಯಾನು, ಹೆಣ್ಮಕ್ಕಳಿಗೆ ಶೌಚಾಲಯಕ್ಕೆ ನೀರಿನ ಸಂಪರ್ಕ" ಅಂತ. ನಡಾವಳಿಯಲ್ಲಿ ಬರೆದಿದಾರಾ ಅಂತ ನೋಡ್ಕೊಂಡೇ ಮನೆಗೆ ಹೋಗಿ.

ಹೆಣ್ಮಕ್ಕಳು ಒಳಗೆ ಬರೋದೇ ಇಲ್ಲ.

ಬಾಗಿಲಲ್ಲಿ ಜಗಲಿ ಮೇಲೆ ಗಂಡಸರು ಗುಂಪಾಗಿ ಕೂತಿದ್ರೆ ಯಾರು ಬರ್ತಾರೆ ಹೇಳಿ. ಪೇಪರ್ ಟೇಬಲ್ ಬಾಗಿಲಿಂದ ದೂರ ಹಾಕಿ, ಮಧ್ಯಾಹ್ನ ಮೂರರಿಂದ ನಾಲ್ಕು ಹೆಂಗಸರಿಗೆ ಅಂತ ಸಮಯ ಇಡಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಕೈಲಿ ಹತ್ತು ಹತ್ತು ಪುಸ್ತಕ ಕೊಟ್ಟು ಕಳಿಸಿ. ಮಕ್ಕಳ ಕಾರ್ಡಲ್ಲಿ ಅಮ್ಮನಿಗೂ ಒಂದು ಪುಸ್ತಕ ಕೊಡೋದು ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದ ಉಪಾಯ.

ಮಕ್ಕಳ ಗಲಾಟೆ ಅಂತ ಪರೀಕ್ಷೆಗೆ ಓದೋರು ದೂರು ಕೊಡ್ತಾರೆ.

ಇಬ್ಬರೂ ನಮ್ಮೋರೇ. ಎರಡು ಕೋಣೆ ಇದ್ರೆ ಸುಲಭ, ಒಂದೇ ಇದ್ರೆ ಹೊತ್ತು ಹಂಚಿ, ಶಾಲೆ ಬಿಟ್ಟ ಮೇಲಿನ ಒಂದೂವರೆ ಗಂಟೆ ಮಕ್ಕಳದ್ದು ಅಂತ ಬೋರ್ಡ್ ಹಾಕ್ಬಿಡಿ. ಮಕ್ಕಳನ್ನ "ಶ್ ಶ್" ಅಂತ ಹೆದರಿಸಿ ಕಳಿಸೋ ಗ್ರಂಥಾಲಯಕ್ಕೆ ಹತ್ತು ವರ್ಷ ಆದ್ಮೇಲೆ ಓದುಗರೇ ಇರಲ್ಲ.

ಪುಸ್ತಕ ಸ್ಕ್ಯಾನ್ ಮಾಡಿ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕ್ಬಹುದಾ?

ಬೇಡ. ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡು 60 ವರ್ಷ ಆಗೋವರೆಗೂ ಹಕ್ಕುಸ್ವಾಮ್ಯ ಇರುತ್ತೆ, ಕನ್ನಡದಲ್ಲಿ ಬರೆಯೋರಿಗೆ, ಸಣ್ಣ ಪ್ರಕಾಶಕರಿಗೆ ಸಿಗೋದೇ ಅಷ್ಟಕ್ಕಷ್ಟೆ. ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಕಣಜ, ಭಾರತವಾಣಿ ಅನ್ನೋ ಜಾಲತಾಣ ಇವುಗಳನ್ನ ತೋರಿಸ್ಕೊಡಿ. ಕಣ್ಣು ಕಾಣದೋರ ವಿಷಯ ಬೇರೆ, ಅವರಿಗೆ ಓದೋಕಾಗೋ ರೂಪಕ್ಕೆ ಪುಸ್ತಕ ಬದಲಾಯಿಸೋಕೆ ಕಾನೂನಲ್ಲೇ ಅವಕಾಶ ಇದೆ, ಆ ಬಗ್ಗೆ ಇರೋ ಮರ್ರಾಕೇಶ್ ಒಪ್ಪಂದವನ್ನ 2014ರಲ್ಲಿ ಮೊದಲು ಅಂಗೀಕರಿಸಿದ ದೇಶಾನೇ ನಮ್ಮದು. ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ ಅವರನ್ನ ಸದಸ್ಯರಾಗಿ ಮಾಡಿಸಿ.

ಯಾರು ಯಾವ ಪುಸ್ತಕ ತಗೊಂಡ್ರು ಅಂತ ಮನೆಯೋರು, ಊರಿನ ಮುಖಂಡರು ಕೇಳಿದ್ರೆ ಹೇಳ್ಬಹುದಾ?

ಹೇಳ್ಬೇಡಿ. ಕಾಯಿಲೆ ಬಗ್ಗೆ, ಕಾನೂನಿನ ಬಗ್ಗೆ, ಬೇರೆ ಧರ್ಮದ ಬಗ್ಗೆ ಪುಸ್ತಕ ತಗೊಂಡು ಹೋಗೋರು ನಿಮ್ಮ ಮೇಲೆ ನಂಬಿಕೆ ಇಟ್ಟು ತಗೊಂಡು ಹೋಗಿರ್ತಾರೆ. ಇಶ್ಯೂ ರಿಜಿಸ್ಟರ್ ಟೇಬಲ್ ಮೇಲೆ ತೆರೆದಿಡ್ಬೇಡಿ, ಡ್ರಾಯರಲ್ಲಿರ್ಲಿ. ವರದಿಗೆ ಅಂಕಿ ಸಾಕು. ಯಾರದ್ದಾದ್ರೂ ಕಥೆ ಹೇಳ್ಬೇಕಂದ್ರೆ, ಫೋಟೋ ಹಾಕ್ಬೇಕಂದ್ರೆ ಅವರನ್ನ ಕೇಳಿಯೇ ಮಾಡಿ.

ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್?

ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇ-ಗ್ರಂಥಾಲಯ ಇದೆ, ಉಚಿತವಾಗಿ ಸಿಗೋ ಕೋಹ ಇದೆ. ಹೇಳ್ಕೊಡೋರು, ನೆಟ್ ಎರಡೂ ಇದ್ರೆ ಹಾಕ್ಕೊಳ್ಳಿ, ಇಲ್ದಿದ್ರೆ ಒಂದು ಎಕ್ಸೆಲ್ ಶೀಟ್ ಸಾಕು. ಯಾವುದರಲ್ಲೇ ಮಾಡಿ, ಕನ್ನಡವನ್ನ ಯೂನಿಕೋಡಲ್ಲೇ ಟೈಪ್ ಮಾಡಿ. "ನುಡಿ", "ಬರಹ" ಅನ್ನೋ ಹಳೆ ಫಾಂಟಲ್ಲಿ ಟೈಪ್ ಮಾಡಿದ ಪಟ್ಟಿ ಬೇರೆ ಕಂಪ್ಯೂಟರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತೆ, ಹುಡುಕಿದ್ರೂ ಸಿಗಲ್ಲ, ಮತ್ತೆ ಮೊದಲಿಂದ ಮಾಡ್ಬೇಕಾಗುತ್ತೆ.

ನಾನು ರಜೆ ಹಾಕಿದ್ರೆ, ಮೀಟಿಂಗಿಗೆ ಹೋದ್ರೆ ಗ್ರಂಥಾಲಯ ಮುಚ್ಚೋದು ಬಿಟ್ರೆ ಬೇರೆ ದಾರಿ ಇದ್ಯಾ?

ಇದೆ. ಪಿಡಿಒ ಅವರಿಗೆ ಮೊದಲೇ ಬರೆದುಕೊಟ್ಟು ಪಂಚಾಯಿತಿ ಸಿಬ್ಬಂದಿಯಲ್ಲಿ ಒಬ್ಬರ ಹತ್ರ ಇನ್ನೊಂದು ಬೀಗದಕೈ ಇರೋ ಹಾಗೆ ಮಾಡ್ಕೊಳ್ಳಿ. ದಿನಾ ಬಂದು ಓದೋ ಹುಡುಗ ಹುಡುಗೀರಲ್ಲಿ ಇಬ್ರಿಗೆ ಇಶ್ಯೂ ಬರೆಯೋದು ಹೇಳ್ಕೊಟ್ಟಿರಿ, ಸಿಬ್ಬಂದಿ ಬಾಗಿಲು ತೆಗೆದ್ರೆ ಮಿಕ್ಕಿದ್ದು ಅವರು ನೋಡ್ಕೊಳ್ತಾರೆ. ಅದೂ ಆಗಲ್ಲ ಅಂದ ದಿನ ಹಿಂದಿನ ಸಂಜೇನೇ ಬಾಗಿಲಿಗೆ ಚೀಟಿ ಅಂಟಿಸಿ, "ನಾಳೆ ಇಲ್ಲ, ನಾಡಿದ್ದು ಬೆಳಿಗ್ಗೆ ತೆಗೀತೀವಿ" ಅಂತ ಗಂಟೆ ಸಮೇತ ಬರೀರಿ. ಪಕ್ಕದ ಹಳ್ಳಿಯಿಂದ ನಡ್ಕೊಂಡು ಬರೋ ಮಕ್ಕಳಿರ್ತಾರೆ.